ಆಧಾರ

ನವನಗರದಾಗ, ಹಿಟ್ಟಿನ ಗಿರಣಿ ಮ್ಯಾಲ ದವಾಖಾನಿ.
ಮೆಟ್ಟಲಾ ಹತ್ತಾಕ ಬರದವರಿಗಂತ ತೆರದದ್ದು
ಹತ್ತೊಂಬತ್ತ ಮೆಟ್ಟಲಾ ಹತ್ತಿ ಹೋಗಬೇಕು.
ಕೇಳಿದರ ಗಲಗಲಿ ಮೇಡಮ್ ನಗತಾಳ:
‘ಕೆಳಗ ಬಾಡಿಗಿ ಭಾಳರಿ.
ಹತ್ತಿ ಬಂದ್ರಿ ಅಂದ್ರ ಅರ್ಧಾ ಕೆಲಸ ಆತು.’

ನಂದು ಬಲಗೈ. ಮಣಿಕಟ್ಟು.
ಬಚ್ಚಲದಾಗ ಜಾರಿದ್ದು ಅರೆಗಳಿಗಿ,
ಪಟ್ಟಿ ಬಿಚ್ಚೂದರಾಗ ಆರು ವಾರ.
ಬಿಚ್ಚಿದ ಮ್ಯಾಲ ಕೈ ನಂದನಸಲಿಲ್ಲ.
ಸಂತ್ಯಾಗ ಯಾರೋ ಮರತ ಹೋದ ಚೀಲದಂಗ
ತೊಡಿ ಮ್ಯಾಲ ಕುಂತಿತ್ತು.

ಶಾಲಿ ಹುಡುಗರ ಕಂಪಾಸ ಡಬ್ಬ್ಯಾಗಿನ ಸಾಮಾನಿನಂಥಾದ್ದು ಹಚ್ಚಿ
ಕೈಯ ಬಾಗು ಅಳೀತಾಳ: ‘ಇವತ್ತ ಮೂವತ್ತೈದು.’
ನಲವತ್ತ ವರ್ಷ ಕುಣಿಮಗ್ಗದಾಗ ಕಾಲ ಇಳಿಬಿಟ್ಟು
ಸೂಜಿಮಲ್ಲಿಗಿ ಖಣ ನೇಯ್ದಾಕಿ ನಾ,
ಲಾಳಿ ಒಗಿಯೂ ಕೈಗೆ ಡಿಗ್ರಿ ಯಾವತ್ತೂ ಬೇಕಾಗಿದ್ದಿಲ್ಲ.
ಸ್ಪಂಜಿನ ಚೆಂಡು ಕೊಟ್ಟು ಹಿಚುಕಂದ್ಲು.
ಹಿಚುಕಿದೆ.
ಚೆಂಡಿಗೆ ಗೊತ್ತಾಗಲಿಲ್ಲ.

ಸೊಂಟಾ ಜಗ್ಗೂ ಮಂಚದ ಮ್ಯಾಲ ಮಾಬೂಬಿ,
ಬೆಲ್ಟ ಬಿಗದರ ಸಾಕು, ಗೊರಕಿ.
ಮನ್ಯಾಗ ಯಾರೂ ಇಷ್ಟೊತ್ತು ಮಲಗಾಕ ಬಿಡಂಗಿಲ್ಲಂತ.
ಕಬಡ್ಡಿಯಾಗ ಮಣಕಾಲ ಕೊಟ್ಟ ಹುಡುಗ
ಗ್ವಾಡಿಗೆ ಮುಖ ಮಾಡಿ ಮೊಬೈಲಿನಾಗ ಕಬಡ್ಡೀನ ನೋಡತಾನ.

ಮತ್ತ ಎರಡು ಸಳಿ ನಡುವ ರಾಚಯ್ಯ.
ಲೋಕಾಪುರ ಗಾಡಿ, ಇಪ್ಪತ್ತಾರ ವರ್ಷದ ಕಂಡಕ್ಟರ.
ಓಡೂ ಬಸ್ಸಿನಾಗ ಏನೂ ಹಿಡೀಲಾರದ
ಗದ್ದನಕೇರಿ, ತುಳಸಿಗೇರಿ, ಕಲಾದಗಿ, ಚಿಲ್ಲರ ಎಣಿಸಿ ಕೊಟ್ಟಾಂವ,
ನಿಂತ ನೆಲದ ಮ್ಯಾಲ ಸಳಿ ಬಿಡವಲ್ಲ.
ಚರ್ಮದ ಚೀಲ ಇಲ್ಲದ ಹೆಗಲು
ಇನ್ನೂ ಅತ್ತಾಗ ವಾಲತೈತಿ.

ಒಂದ ಮಗ್ಗಲ ಹೋದಾಗ ಮಾತೂ ಹೋಗಿತ್ತು.
ಮೇಡಮ್ ದಿನಾ ಅವನ ಹೇಣ್ತಿನ್ನ ಎದುರ ಕುಂದರಿಸಿ
‘ಇವರ ಹೆಸರೇನರಿ?’
ಬಾಯಿ ತಗೀತಾನ. ‘ತ… ತ…’
ನೀಲಗಂಗಾ ಅನ್ನೂದು ಎಲ್ಲೋ ಒಳಗ ಸಿಕ್ಕೊಂಡ
ಕಣ್ಣಾಗ ನೀರಾಗಿ ಬರತೈತಿ.
ಆಕಿ ಸೆರಗಲೇ ಒರಸತಾಳ:
‘ಬಿಡ್ರಿ ಮೇಡಮ್, ಲಗ್ನ ಆದಾಗಿಂದ
ಏ ಅಂತನ ಕರದಾರ, ಈಗ ಹೆಂಗ ಬರತೈತಿ?’

ಮಂಗಳವಾರ ಕರೆಂಟ ಹೋತು.
ಫ್ಯಾನ್ ನಿಂತು, ಕೆಳಗಿನ ಗಿರಣಿ ನಿಂತು,
ನೆಲದ ನಡಕಾ ನಿಂತು,
ಮಾಬೂಬಿ ಕಣ್ಣ ತೆರದ್ಲು.
ಮನಿಗೆ ಹೊಂಟಾಕಿ ನಾ ಸಳಿ ಮುಂದ ಹಾಯೂಮುಂದ
ಸುಮ್ಮ ಚ್ಯಾಷ್ಟಿಗೆ ಅಂದೆ:
‘ಗುಳೇದಗುಡ್ಡ ಒಂದ ಕೊಡ್ರಿ.’

ರಾಚಯ್ಯ ತಿರುಗಿ ನೋಡಿದ.
‘ಆಧಾರ ತೋರಸ್ರಿ.’

ಒಂದಕ್ಷರಾ ತೊಡರಲಿಲ್ಲ.
ಜಾತ್ರಿ ಗದ್ದಲದಾಗ ಬ್ಯಾಸರಾದ ದನಿ,
ಹಂಗಿಂದಂಗ.

ಯಾರೂ ಉಸರ ಬಿಡಲಿಲ್ಲ.
ಸಂಚಿ ಗಂಟು ಬಲಗೈಲೆ ಬಿಚ್ಚಾಕ ಹೋದೆ, ಆಗಲಿಲ್ಲ.
ಹಲ್ಲಲೇ ಕಚ್ಚಿ ಎಳದೆ.
ಅಂವ ಸಳಿ ಬಿಟ್ಟು ಎಡಗೈ ಚಾಚಿದ,
ಜೋಲಿ ಹ್ವಾದ, ಮೇಡಮ್ ಹಿಂದ ಸೊಂಟಕ್ಕ ಕೈ ಕೊಟ್ಟಳು.
ಫೋಟೋ ನೋಡಿದ. ನನ್ನ ಮುಖ ನೋಡಿದ.
ಮತ್ತ ಫೋಟೋ ನೋಡಿದ,
ಭಾಳ ಹೊತ್ತು, ಸಂಶೇ ಬಂದಂಗ.
ತಿರುಗಿ ಕೊಟ್ಟ.

ನೀಲಗಂಗಾ ಅಳತಿದ್ಲೋ ನಗತಿದ್ಲೋ,
‘ನೋಡ್ರೆವಾ, ನನ್ನ ಹೆಸರ ಬರಲಿಲ್ಲ,
ಸರಕಾರದ ಹೆಸರ ಬಂತು!’

ಮರುದಿನ ಮತ್ತ ಅದ ‘ತ… ತ…’.
ಆಕಿ ಮಾತ್ರ ಈಗ ಕಾರ್ಡ ಹಿಡಕೊಂಡ ಬರತಾಳ,
ಸಳಿ ಆ ತುದೀಗೆ ನಿಂದರತಾಳ,
ಪ್ಯಾಸೆಂಜರದಂಗ.

ಸಂಜೀಕ ಗುಳೇದಗುಡ್ಡದ ಬಸ್ಸು ಹತ್ತಿದೆ.
ಎಡಗೈ ಸಳಿ ಹಿಡೀತು,
ಬಲಗೈ ಅದರ ಮ್ಯಾಲ ಸುಮ್ಮ ಇಟ್ಟೆ, ಕಲೀಲಿ ಅಂತ.
ಎಳೇ ಹುಡುಗ ಕಂಡಕ್ಟರ. ಕಾರ್ಡ ನೋಡದನ
ಸೊನ್ನೀ ಟಿಕೀಟ ಹರದ ಕೊಟ್ಟ.
‘ನೋಡೋ ಯಪ್ಪಾ,’ ಅಂದೆ,
‘ಒಂದೀಟ ನೋಡಿ ಕೊಡು.’